ಹಾಡಿನೊಳಗೆ ಬೇಡಿಕೆಯೂ ಇರಲಿ

(ನಂಜನಗೂಡಿನಲ್ಲಿ ತರುಣ ಕಲಾವಿದರ ಸಭೆಯಲ್ಲಿ ಮಾಡಿದ ಭಾಷಣ)



ಜನರು ತಮ್ಮ ಹಕ್ಕಿಗಾಗಿ ನಡೆಸಿದ ಹೋರಾಟಗಳ ಚರಿತ್ರೆಯನ್ನು ಹಾಡು ಕಟ್ಟಿ ರಂಗಕ್ಕೆ ತರಬೇಕೆಂದು ನೀವು ಹೊರಟಿದ್ದೀರಿ. ಇದು ಸಂತೋಷದ ಸಂಗತಿ. ಆದರೆ ಹಾರ್ಮೋನಿಯಂ ತೆಗೆಯುವ ಮೊದಲು ಒಂದು ಮಾತನ್ನು ಯೋಚಿಸಬೇಕು. ಆ ಜನ ಕೇಳಿದ್ದಾದರೂ ಏನು? ಇದು ಹಾಡಿನಲ್ಲಿ ಇಲ್ಲದಿದ್ದರೆ ಉಳಿಯುವುದು ಬರೀ ಅಳು, ಇಲ್ಲವೆ ಬರೀ ಜಯಕಾರ.

ಕಾಗೋಡನ್ನೇ ತೆಗೆದುಕೊಳ್ಳಿ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು ನೇಗಿಲು ಹೊತ್ತು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು. ಹೆಚ್. ಗಣಪತಿಯಪ್ಪನವರು ಅವರಿಗೆ ಸಂಘ ಕಟ್ಟಿಕೊಟ್ಟಿದ್ದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆಂಬಲಕ್ಕೆ ನಿಂತರು. ಜೂನಿನಲ್ಲಿ ಡಾ. ಲೋಹಿಯಾ ಅವರೇ ಬಂದು ದಸ್ತಗಿರಿಯಾದರು. ನಾಯಕರ ಪ್ರವೇಶಕ್ಕೊಂದು ಹಾಡು, ಸೆರೆಮನೆಗೊಂದು ಹಾಡು ಬರೆಯುವುದು ಸುಲಭ. ಆದರೆ ಜಗಳ ಹುಟ್ಟಿದ್ದು ಗೇಣಿ ಅಳೆಯುವ ಕೊಳಗದಲ್ಲಿ. ಧಣಿಯ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದೇ ರೈತರ ದೂರು. ಆ ಕೊಳಗ ರಂಗದ ನಡುವೆ ಇರಲಿ. ಒಬ್ಬ ಅಳೆಯಲಿ, ಹಿಮ್ಮೇಳ ಎಣಿಸಲಿ, ಲೆಕ್ಕ ತಪ್ಪಿದ ಕಡೆ ತಾಳ ನಿಲ್ಲಲಿ. ಆಗ ನೋಡುವ ಕೂಲಿಯವನಿಗೆ ತನ್ನ ಕೂಲಿಯ ಲೆಕ್ಕವೂ ನೆನಪಾಗುತ್ತದೆ. ಉಳುವವನಿಗೆ ಭೂಮಿ ಕೊಡಿಸುವ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಗೋಪಾಲಗೌಡರು ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಈ ತಡವನ್ನೂ ಹಾಡು ಮುಚ್ಚಿಡಬಾರದು.

ಕಾಗೋಡಿಗೆ ಬಂದಿದ್ದ ಅದೇ ಲೋಹಿಯಾ 1964ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ಪಟ್ಟಣದಲ್ಲೂ ದಸ್ತಗಿರಿಯಾದರು. ಬಿಳಿಯರಿಗೆ ಮಾತ್ರ ಊಟ ಬಡಿಸುವ ಹೋಟೆಲಿನ ಬಾಗಿಲಿಗೆ ಅವರು ಹೋಗಿದ್ದರು. ಅಲ್ಲಿನ ಕಪ್ಪು ಜನರ ಚಳವಳಿಗೆ ಹಾಡೇ ಉಸಿರಾಗಿತ್ತು. ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ 1961-62ರಲ್ಲಿ ಜನ ತಮ್ಮ ಚರ್ಚಿನ ಹಳೆಯ ಹಾಡಿನ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು, ನುಡಿಯಲ್ಲಿ ಊರಿನ ಪೊಲೀಸ್ ಮುಖ್ಯಾಧಿಕಾರಿಯ ಹೆಸರನ್ನೇ ಸೇರಿಸಿ ಹಾಡಿದರು. ಧಾಟಿ ಗೊತ್ತಿದ್ದುದರಿಂದ ಎಲ್ಲರೂ ದನಿಗೂಡಿಸಿದರು. ಹೆಸರಿದ್ದುದರಿಂದ ಹಾಡು ಆ ಹೊತ್ತಿನದಾಯಿತು. 1962ರಲ್ಲಿ 'ಫ್ರೀಡಂ ಸಿಂಗರ್ಸ್' ಎಂಬ ತರುಣರ ತಂಡ ಇಂಥ ಹಾಡುಗಳನ್ನು ಊರೂರಿಗೆ ಒಯ್ದು ಚಳವಳಿಗೆ ಹಣವನ್ನೂ ಕೂಡಿಸಿತು.

ನಮಗೆ ಧಾಟಿಯ ಬಡತನವೇ? ನಮ್ಮ ಸೀಮೆಯ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಇರುಳಿಡೀ ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಹೀನವೇಷದಲ್ಲಿ ಬಂದ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲಲ್ಲೇ ತಡೆಯುತ್ತಾರೆ. ಸಮಾನತೆ ಸಾರಿದ ಪಟ್ಟಣದ ಬಾಗಿಲೇ ಬಡವನಿಗೆ ಮುಚ್ಚಿತಲ್ಲ! ಇದಕ್ಕಿಂತ ತೀಕ್ಷ್ಣವಾದ ನಾಟಕವನ್ನು ನಾವು ಎಲ್ಲಿಂದ ತರೋಣ? ಮುಮ್ಮೇಳದವನು ಹಾಡು ನಿಲ್ಲಿಸಿ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ, ಹಿಮ್ಮೇಳ ಹೂಂಗುಟ್ಟುತ್ತದೆ. ದಿನಾಂಕ, ಕಾನೂನು, ಲೆಕ್ಕ ಹೇಳಲು ಆ ಮಾತಿನ ಜಾಗವೇ ಸಾಕು.

ಈ ದಾರಿಯಲ್ಲಿ ನಡೆದವರೂ ಇದ್ದಾರೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾಯಿತು. ಅದರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯವರು ತಮಟೆಯ ಪೆಟ್ಟಿನೊಂದಿಗೆ ಹಳ್ಳಿಹಳ್ಳಿಯಲ್ಲಿ ಹಾಡಿದರು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಕಗ್ಗೊಲೆಯನ್ನು 'ಸಮುದಾಯ' ತಂಡ ಬೀದಿನಾಟಕ ಮಾಡಿ ಕನ್ನಡಿಗರ ಕಣ್ಣೆದುರು ನಿಲ್ಲಿಸಿತು.

ಬೆಲ್ಚಿ ದೂರದ ಊರು. ಬದನವಾಳು ನಮ್ಮದೇ ತಾಲ್ಲೂಕು. ದೇವಾಲಯ ಪ್ರವೇಶದ ವಿವಾದ ಬೆಳೆದು 1993ರ ಮಾರ್ಚಿನಲ್ಲಿ ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನ ಜಾರಿಗೆ ಬಂದು ಆಗ ನಲವತ್ತಮೂರು ವರ್ಷವಾಗಿತ್ತು. ನಿಮ್ಮಲ್ಲಿ ಕೆಲವರು ಇದನ್ನು ಆಡಬೇಕೆನ್ನುತ್ತೀರಿ, ಕೆಲವರು ಹಳೆಯ ಗಾಯ ಕೆದಕುವುದು ಬೇಡ ಎನ್ನುತ್ತೀರಿ. ಆಡಬೇಕೆಂದೇ ನನ್ನ ಅಭಿಪ್ರಾಯ. ಆದರೆ ಗಾಯ ಯಾರದೋ ಅವರನ್ನು ಮೊದಲು ಕೇಳಬೇಕು. ಆ ಮನೆಗಳ ಜಗಲಿಯಲ್ಲಿ ಕೂತು, ಏನು ಹೇಳಬಹುದು, ಏನು ಹೇಳಬಾರದು ಎಂದು ವಿಚಾರಿಸಿ. ಹೆಸರು ಬೇಡವೆಂದರೆ ಹೆಸರು ಬಿಡಿ. ಕೊಲೆಯನ್ನು ಆಲಾಪ ಎಳೆದು ರಂಜನೆಯ ದೃಶ್ಯ ಮಾಡಬೇಡಿ. ಅವರು ಕೇಳಿದ್ದು ದೇವರ ಮುಂದೆ ಎಲ್ಲರಂತೆ ನಿಲ್ಲುವ ಹಕ್ಕು. ಆ ಬಾಗಿಲನ್ನು ರಂಗದ ಮೇಲೆ ಇಡಿ. ಪ್ರೇಕ್ಷಕರು ನೋಡುತ್ತ ಕೂರುವುದು ಆ ಬಾಗಿಲನ್ನೇ ಆಗಲಿ.

ಇನ್ನೊಂದು ವಿಷಯ. ಹಿಮ್ಮೇಳದಲ್ಲಿ ಎಲ್ಲ ಕೇರಿಯವರೂ ಇರಲಿ, ತಾಲೀಮಿನ ದಿನ ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಅದು ಸಾಧ್ಯವಾಗದ ತಂಡ ಸಮಾನತೆಯ ಹಾಡು ಹಾಡಿದರೆ ಜನ ನಗುತ್ತಾರೆ, ನಗುವುದೂ ನ್ಯಾಯವೇ. ಪಟ್ಟಣದ ರಂಗಮಂದಿರಕ್ಕೆ ಬಾಡಿಗೆ ಹೊಂದಿಸುವ ಚಿಂತೆ ಆಮೇಲೆ ಮಾಡಿದರಾಯಿತು. ಎರಡು ಕೇರಿಗಳು ಕೂಡುವ ಜಾಗದಲ್ಲಿ, ಎರಡೂ ಕಡೆಯವರಿಗೆ ಕೇಳಿಸುವಂತೆ ಮೊದಲ ಪ್ರದರ್ಶನ ನಡೆಯಲಿ. ಆಟ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಹೊರಡದೆ ಜನರ ಪ್ರಶ್ನೆಗೆ ಉತ್ತರ ಹೇಳಿ ಬನ್ನಿ.