ತೆರಿಗೆ ರಶೀದಿ ಮತ್ತು ಸಹೋದರಿಯ ಪಾಲು
(ಮೊಹಲ್ಲಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮನೆ ತೆರಿಗೆ ಕಟ್ಟುವಾಗ ನಗರಪಾಲಿಕೆ ಕೇಳುವ ಪ್ರಶ್ನೆಯೊಂದಿದೆ: ಮನೆ ಸ್ವಂತ ವಾಸಕ್ಕೋ, ಬಾಡಿಗೆಗೋ? 2008ರಲ್ಲಿ ಬೆಂಗಳೂರಿನಲ್ಲಿ ಜಾರಿಗೆ ಬಂದ ಸ್ವಯಂ ಘೋಷಣೆಯ ಪದ್ಧತಿಯಲ್ಲಿ ಬಾಡಿಗೆ ಮನೆಯ ದರವನ್ನು ಸ್ವಂತ ವಾಸದ ಮನೆಯ ಎರಡರಷ್ಟು ಇಡಲಾಯಿತು. ಮಹಡಿಯನ್ನು ಬಾಡಿಗೆಗೆ ಕೊಟ್ಟು 'ಸ್ವಂತ ವಾಸ' ಎಂದು ಬರೆಯುವವರು ನಮ್ಮಲ್ಲೂ ಇದ್ದಾರೆ. ಅದು ಸುಳ್ಳು ಹೇಳಿಕೆ. ಅದಕ್ಕೆ ಬೇರೆ ಹೆಸರಿಲ್ಲ.

ಆದರೆ ನಾನಿಂದು ಕೇಳುವ ಪ್ರಶ್ನೆ ಬೇರೆ. ತಂದೆ ತೀರಿಕೊಂಡ ಮನೆಯಲ್ಲಿ ಈ 'ಸ್ವಂತ' ಎಂಬುದು ಯಾರದು?

ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಉಳಿದಿದ್ದಾರೆ ಎನ್ನೋಣ. ಅಂತ್ಯಸಂಸ್ಕಾರದ ವೆಚ್ಚ, ಸಾಲ, ಮಿತಿಯೊಳಗಿನ ವಸಿಯ್ಯತ್ ಕಳೆದ ಬಳಿಕ ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳ ಲೆಕ್ಕ ಸ್ಪಷ್ಟವಿದೆ. ಮನೆಯನ್ನು 40 ಪಾಲು ಮಾಡಿದರೆ ತಾಯಿಗೆ 5, ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7. ಅಂದರೆ 1,200 ಚದರ ಅಡಿಯ ಮನೆಯಲ್ಲಿ 210 ಅಡಿ ಆ ಹೆಣ್ಣುಮಗಳದು. ಒಂದು ಕೋಣೆಗಿಂತ ಹೆಚ್ಚು! ಆದರೆ ಅವಳು ಅಲ್ಲಿಗೆ ಹಬ್ಬಕ್ಕೆ ಬರುವ ಅತಿಥಿ ಮಾತ್ರ.

ಇದು ಹೇಗಾಗುತ್ತದೆ? ಯಾರೂ ಕಳವು ಮಾಡುವುದಿಲ್ಲ. ಹಿರಿಯ ಮಗ ಅಲ್ಲೇ ವಾಸಿಸುತ್ತಾನೆ, ತೆರಿಗೆ ಕಟ್ಟುತ್ತಾನೆ. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದವಳ ಹೆಸರು ಬಿಟ್ಟುಹೋಗುತ್ತದೆ, ಖಾತೆ ಅವನ ಹೆಸರಿಗಾಗುತ್ತದೆ. ಇಪ್ಪತ್ತು ವರ್ಷಗಳ ರಶೀದಿಗಳ ಕಟ್ಟು ಕ್ರಮೇಣ ಕ್ರಯಪತ್ರದಂತೆ ಕಾಣತೊಡಗುತ್ತದೆ. ಆದರೆ ಖಾತೆಯಾಗಲಿ ತೆರಿಗೆ ರಶೀದಿಯಾಗಲಿ ಒಡೆತನವನ್ನು ಸೃಷ್ಟಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ವಾರೀಸುದಾರರಲ್ಲಿ ಒಬ್ಬನು ವಾಸಿಸುತ್ತಿದ್ದಾನೆ ಎಂದ ಮಾತ್ರಕ್ಕೆ ಇತರರ ಹಕ್ಕು ಅಳಿಯದು.

ತೆರಿಗೆ, ದುರಸ್ತಿಗೆ ತಾನೊಬ್ಬನೇ ಖರ್ಚು ಮಾಡಿದ್ದೇನೆ ಎಂಬ ಅಣ್ಣನ ಮಾತಿನಲ್ಲಿ ನ್ಯಾಯವಿರಬಹುದು. ಹಾಗಾದರೆ ಲೆಕ್ಕವಿಡಲಿ, ಬಾಡಿಗೆಯಿಲ್ಲದೆ ವಾಸಿಸಿದ ವರ್ಷಗಳನ್ನೂ, ಮಹಡಿಯಿಂದ ಬಂದ ಬಾಡಿಗೆಯನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.

"ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನುವವರಿದ್ದಾರೆ. ಇಸ್ಲಾಮ್ ಕಲಿಸದ ವರದಕ್ಷಿಣೆಯನ್ನು ಕೊಟ್ಟು, ಅಲ್ಲಾಹನು ನಿಗದಿಪಡಿಸಿದ ಪಾಲನ್ನು ಅದರಲ್ಲಿ ವಜಾ ಮಾಡುವುದೇ? "ನನಗೇನೂ ಬೇಡ ಅಣ್ಣಾ" ಎಂದು ಅವಳು ಹೇಳಿರಲೂಬಹುದು. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಆಡಿದ ಮಾತನ್ನು ಒಪ್ಪಿಗೆ ಎನ್ನಲಾಗದು. ಮೊದಲು ಪಾಲನ್ನು ಅವಳ ಕೈಗೆ ಕೊಡಿ, ಆಮೇಲೆ ಬಿಟ್ಟುಕೊಡುತ್ತಾಳೋ ನೋಡೋಣ.

ಸಮಾನ ನಾಗರಿಕ ಸಂಹಿತೆಯ ಮಾತೆದ್ದಾಗಲೆಲ್ಲ ನಾವು ಶರೀಅತ್ತಿನ ರಕ್ಷಣೆಗೆಂದು ಮೈದಾನ ತುಂಬುತ್ತೇವೆ. 1937ರ ಶರೀಅತ್ ಅನ್ವಯ ಕಾಯ್ದೆ ಬಂದದ್ದೇಕೆಂದು ಎಷ್ಟು ಮಂದಿಗೆ ನೆನಪಿದೆ? ರೂಢಿಯ ಹೆಸರಿನಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳ ವಾರೀಸು ಹಕ್ಕನ್ನು ಕಸಿಯಲಾಗುತ್ತಿತ್ತು. ಅದನ್ನು ತಡೆಯುವುದು ಅದರ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಆಗಲೂ ಕೃಷಿಭೂಮಿಯನ್ನು ಅದರಿಂದ ಹೊರಗಿಡಲಾಯಿತು. ಕಾನೂನು ಬಂದರೂ ರೂಢಿ ನಮ್ಮ ಮನೆಗಳಿಂದ ಹೊರಟುಹೋಗಲಿಲ್ಲ.

ಇಂದು ಮನೆಗೆ ಹೋಗಿ ಆ ರಶೀದಿಯನ್ನು ತೆಗೆದು ನೋಡಿ. ತಂದೆಯ ಹೆಸರೇ ಇದ್ದರೆ, ಬರುವ ವರ್ಷದ ತೆರಿಗೆಗೆ ಮುನ್ನ ತಾಯಿ ಹಾಗೂ ಸಹೋದರಿಯರ ಹೆಸರನ್ನೂ ಸೇರಿಸಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ನಿಮ್ಮೊಬ್ಬರ ಹೆಸರೇ ಇದ್ದರೆ, ಸಹೋದರಿಗೆ ನೀವೇ ಮೊದಲು ಫೋನ್ ಮಾಡಿ.