ಧ್ವನಿವರ್ಧಕವೂ ಮುನಿಧರ್ಮವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

  

ನೂತನ ಜಿನಬಿಂಬಗಳ ಪ್ರತಿಷ್ಠೆಯ ಈ ಪುಣ್ಯಾವಸರದಲ್ಲಿ ನನಗೆ ವಹಿಸಿಕೊಟ್ಟ ವಿಷಯ 'ಧರ್ಮಪ್ರಚಾರ ಮತ್ತು ಆಧುನಿಕ ಸಾಧನಗಳು' ಎಂಬುದು. ಇದರಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಸಾವಿರಾರು ಜನರಿಗೆ ಒಮ್ಮೆಲೇ ಮಾತು ಮುಟ್ಟಿಸಬಲ್ಲ ಯಂತ್ರ ಕೈಗೆಟುಕುವಂತಿದ್ದರೂ ನಮ್ಮ ಸಮಾಜದ ಒಂದು ಸಾಧುಸಮುದಾಯ ಅದನ್ನು ದೂರವಿರಿಸಿದ್ದೇಕೆ? ಈ ನಿರಾಕರಣೆ ಹಟವೇ, ಅಜ್ಞಾನವೇ, ಅಥವಾ ಅದರ ಹಿಂದೆ ಧರ್ಮದ ಒಂದು ಮರ್ಮವಿದೆಯೇ? ಹೊಸ ಬಸದಿಯಲ್ಲಿ ನಾಳೆಯಿಂದ ನಿತ್ಯ ಶಾಸ್ತ್ರಸಭೆ ನಡೆಯಬೇಕಾಗಿರುವ ನಮಗೆ ಇದು ಪರರ ಮನೆಯ ಪ್ರಶ್ನೆಯಲ್ಲ. ನಾನು ಧ್ವನಿವರ್ಧಕದ ಮುಂದೆಯೇ ನಿಂತು ಈ ಮಾತನ್ನು ಆಡುತ್ತಿದ್ದೇನೆ ಎಂಬುದು ತಮ್ಮ ಗಮನಕ್ಕೆ ಬಂದಿರಬಹುದು. ಗೃಹಸ್ಥನಾದ ನಾನು ಇದರ ಮುಂದೆ ನಿಲ್ಲಬಹುದು. ಎಲ್ಲ ಮುನಿಗಳೂ ನಿಲ್ಲಲಾರರು. ಈ ಭೇದವೇ ಇಂದಿನ ಉಪನ್ಯಾಸದ ತಿರುಳು.

ಮೊದಲು ಇತಿಹಾಸವನ್ನು ನೋಡೋಣ. 1952ರಲ್ಲಿ ರಾಜಸ್ಥಾನದ ಸಾದಡಿಯಲ್ಲಿ ಶ್ವೇತಾಂಬರ ಸ್ಥಾನಕವಾಸಿ ಸಾಧುಗಳ ಬೃಹತ್ ಸಮ್ಮೇಲನ ನಡೆಯಿತು. ಬೇರೆ ಬೇರೆ ಗುರುಪರಂಪರೆಗಳಾಗಿ ಹಂಚಿಹೋಗಿದ್ದ ಅನೇಕ ಸಂಪ್ರದಾಯಗಳು ಒಂದುಗೂಡಿ 'ಶ್ರಮಣ ಸಂಘ'ವೆಂಬ ಏಕೀಕೃತ ವ್ಯವಸ್ಥೆ ರೂಪುಗೊಂಡಿತು. ಶ್ರೀ ಆತ್ಮಾರಾಮಜೀ ಮಹಾರಾಜರು ಆಚಾರ್ಯರೆಂದೂ, ಶ್ರೀ ಗಣೇಶಲಾಲಜೀ ಮಹಾರಾಜರು ಉಪಾಚಾರ್ಯರೆಂದೂ ಆರಿಸಲ್ಪಟ್ಟರು. ಆದರೆ ಒಂದುಗೂಡಿದ ಸಂಘದ ಎದುರು ಕೆಲವೇ ವರ್ಷಗಳಲ್ಲಿ ಎದ್ದುನಿಂತ ಪ್ರಶ್ನೆಗಳಲ್ಲಿ ಧ್ವನಿವರ್ಧಕವೂ ಒಂದಾಗಿತ್ತು. 1956ರಲ್ಲಿ ಬಿಕಾನೇರದ ಸಮೀಪದ ಭೀನಾಸರದಲ್ಲಿ ಸೇರಿದ ಸಮ್ಮೇಲನದಲ್ಲಿ ಈ ವಿಷಯ ಚರ್ಚೆಗೆ ಬಂದಿತು. ಜನಸಂದಣಿ ಹೆಚ್ಚಿದ ಕಾಲದಲ್ಲಿ ಯಂತ್ರ ಅನಿವಾರ್ಯವೆಂದು ಕೆಲವರು ವಾದಿಸಿದರೆ, ಮಹಾವ್ರತಕ್ಕೆ ಅದರಿಂದ ದೋಷ ತಗಲುವುದೆಂದು ಕೆಲವರು ಪಟ್ಟುಹಿಡಿದರು. ಆಚಾರದ ಬಿಗಿ-ಸಡಿಲಗಳ ಕುರಿತ ಇಂಥ ಭಿನ್ನಾಭಿಪ್ರಾಯಗಳ ನಡುವೆ ಶ್ರೀ ಗಣೇಶಲಾಲಜೀ ಮಹಾರಾಜರು ಮುಂದೆ ಶ್ರಮಣ ಸಂಘದಿಂದ ಬೇರೆಯಾದರು. ಅವರ ಪರಂಪರೆಯ ಸಾಧುಮಾರ್ಗಿ ಸಂಘದ ಮುನಿಗಳು ಇಂದಿಗೂ ಬರಿಗಂಠದಿಂದಲೇ ಪ್ರವಚನ ಮಾಡುತ್ತಾರೆ. ಒಂದು ಚಿಕ್ಕ ಯಂತ್ರದ ನಿಮಿತ್ತ ಇಷ್ಟು ದೊಡ್ಡ ಮಾತು ಬೆಳೆಯಿತೇ ಎಂದು ಹೊರಗಿನವರು ಆಶ್ಚರ್ಯಪಡಬಹುದು. ಜೈನರಾದ ನಾವು ಆಶ್ಚರ್ಯಪಡಬೇಕಾಗಿಲ್ಲ.

ಏಕೆಂದರೆ ಜೀವತತ್ತ್ವದ ವಿಚಾರದಲ್ಲಿ ನಮ್ಮ ಶಾಸ್ತ್ರದ ಸೂಕ್ಷ್ಮತೆ ಅಸಾಧಾರಣವಾದುದು. ಪೃಥ್ವಿ, ಅಪ್, ತೇಜಸ್, ವಾಯು, ವನಸ್ಪತಿ ಎಂಬ ಐದು ಸ್ಥಾವರಕಾಯಗಳಲ್ಲಿಯೂ ಜೀವವಿದೆ ಎಂಬುದು ನಮ್ಮ ನಂಬಿಕೆ. ವಿದ್ಯುತ್ತನ್ನು ಸಜೀವ ತೇಜಸ್ಕಾಯವೆಂದು ಬಗೆಯುವ ಮುನಿಗಳಿಗೆ ಸ್ವಿಚ್ಚನ್ನು ಒತ್ತುವುದು ಬೆಂಕಿಯನ್ನು ಹೊತ್ತಿಸುವುದಕ್ಕೆ ಸಮಾನ. ಇದಕ್ಕೆ ಪ್ರತಿಯಾಗಿ, ತಂತಿಯಲ್ಲಿ ಹರಿಯುವ ವಿದ್ಯುತ್ ಉರಿಯುವ ಅಗ್ನಿಯಲ್ಲ, ಅದು ಅಚಿತ್ತ ಪುದ್ಗಲವೇ ಎಂದು ತೇರಾಪಂಥದ ಆಚಾರ್ಯ ಮಹಾಪ್ರಜ್ಞರೂ ಅವರ ಪರಂಪರೆಯ ವಿದ್ವಾಂಸ ಮುನಿಗಳೂ ಪ್ರತಿಪಾದಿಸಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆದರೆ ತಂತಿಯೊಳಗಿನ ವಿದ್ಯುತ್ತಿನ ಸ್ವರೂಪ ಏನೇ ಇರಲಿ, ಆ ವಿದ್ಯುತ್ತು ನಮ್ಮ ಊರಿಗೆ ಬರುವುದು ಶರಾವತಿಯ ಅಣೆಕಟ್ಟಿನಿಂದಲೋ ರಾಯಚೂರಿನ ಕಲ್ಲಿದ್ದಲ ಕುಲುಮೆಯಿಂದಲೋ ಎಂಬುದನ್ನು ಮರೆಯಲಾಗದು. ತಂತಿಯಲ್ಲಿ ಹಿಂಸೆ ಕಾಣದಿದ್ದರೂ ತಂತಿಯ ಆ ತುದಿಯಲ್ಲಿ ಅದು ಇದ್ದೇ ಇದೆ.

ಗೃಹಸ್ಥರಾದ ನಾವು ದಿನವೂ ದೀಪ ಹಚ್ಚುತ್ತೇವೆ, ಅಡಿಗೆ ಮಾಡುತ್ತೇವೆ, ಅಂಗಡಿ ನಡೆಸುತ್ತೇವೆ, ಹೊಲ ಉಳುತ್ತೇವೆ. ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಿ ಉಳಿದವನ್ನು ಮಿತಗೊಳಿಸಲಿ ಎಂದು ನಮ್ಮ ಆಚಾರ್ಯರು ದಾರಿ ತೋರಿದ್ದಾರೆ. ಮುನಿಗಾದರೋ ಈ ರಿಯಾಯಿತಿ ಇಲ್ಲ. ಮನ-ವಚನ-ಕಾಯಗಳಿಂದ, ಕೃತ-ಕಾರಿತ-ಅನುಮೋದನೆಗಳಿಂದ, ಹೀಗೆ ಒಂಬತ್ತು ಬಗೆಯಿಂದಲೂ ಹಿಂಸೆಯನ್ನು ಅವರು ಬಿಟ್ಟವರು. ತಾವು ಸ್ವಿಚ್ಚನ್ನು ಮುಟ್ಟದಿದ್ದರೂ, ತಮಗಾಗಿಯೇ ಇಟ್ಟ ಯಂತ್ರದ ಮುಂದೆ ಒಪ್ಪಿ ಕುಳಿತರೆ ಅನುಮೋದನೆಯಾಯಿತಲ್ಲವೇ ಎಂಬುದು ನಿರಾಕರಿಸಿದವರ ಪ್ರಶ್ನೆ. ಆಹಾರದ ನಿಯಮವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ತಮ್ಮನ್ನು ಉದ್ದೇಶಿಸಿ ಸಿದ್ಧಪಡಿಸಿದ ಆಹಾರವನ್ನು ಮುನಿಗಳು ಸ್ವೀಕರಿಸುವುದಿಲ್ಲ. ಶ್ರಾವಕನು ತನಗಾಗಿ ಮಾಡಿಕೊಂಡ ಶುದ್ಧ ಆಹಾರದಲ್ಲಿ ಒಂದು ಭಾಗವನ್ನಷ್ಟೇ ಸ್ವೀಕರಿಸುತ್ತಾರೆ. ಅನ್ನಕ್ಕೆ ಸಲ್ಲುವ ನ್ಯಾಯ ಧ್ವನಿಗೆ ಸಲ್ಲಬಾರದೇಕೆ?

ನಮ್ಮ ದಿಗಂಬರ ಸಂಘದಲ್ಲಿ ಸ್ಥಿತಿ ಬೇರೆಯಾಗಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 1925ರಲ್ಲಿ ನಮ್ಮ ಶೇಡಬಾಳದಲ್ಲಿ ಜನಿಸಿದ ಆಚಾರ್ಯಶ್ರೀ ವಿದ್ಯಾನಂದ ಮಹಾರಾಜರು 1974ರ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ ಮಹಾಸಭೆಗಳನ್ನು ಉದ್ದೇಶಿಸಿ ಮಾತನಾಡಿದರು. ಶ್ರವಣಬೆಳಗೊಳದ 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ವಾರ್ತೆ ಜಗತ್ತಿಗೆಲ್ಲ ಮುಟ್ಟಿತು. ಅದಕ್ಕೂ ಹಿಂದಿನ ಒಂದು ಘಟನೆ ಇದೆ. ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಚಾರಿತ್ರಚಕ್ರವರ್ತಿ ಆಚಾರ್ಯಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಯಮಸಲ್ಲೇಖನವನ್ನು ಸ್ವೀಕರಿಸಿದ್ದಾಗ, ಸಮಾಧಿಗೆ ಹತ್ತು ದಿನ ಮುಂಚೆ, ಸೆಪ್ಟೆಂಬರ್ 8ರಂದು, ಮರಾಠಿಯಲ್ಲಿ ಅಂತಿಮ ಉಪದೇಶ ನೀಡಿದರು. ಶ್ರಾವಕರು ಅದನ್ನು ಧ್ವನಿಮುದ್ರಿಸಿಕೊಂಡರು. ಸೆಪ್ಟೆಂಬರ್ 18ರಂದು ಆ ದೇಹ ಬಿದ್ದುಹೋಯಿತು, ವಾಣಿ ಉಳಿಯಿತು. ಆ ಕ್ಷೀಣ ಕಂಠವನ್ನು ಕೇಳಿ ಕಣ್ಣು ತುಂಬಿಕೊಂಡವರು ನಮ್ಮ ಮನೆಗಳಲ್ಲಿ ಎಷ್ಟೋ ಜನ. ಯಂತ್ರವೆಂದರೆ ಪಾಪವೆಂದಷ್ಟೇ ಹೇಳಿ ಮುಗಿಸಿದರೆ ಆ ಕಣ್ಣೀರಿಗೆ ಅನ್ಯಾಯವಾಗುತ್ತದೆ.

ಹಾಗೆಯೇ ಎಲ್ಲ ನಿರಾಕರಣೆಯೂ ಸ್ಥಿರವಲ್ಲ. ಒಂದು ಕಾಲದಲ್ಲಿ ಜಿನವಾಣಿಯನ್ನು ಅಚ್ಚು ಹಾಕಿಸುವುದಕ್ಕೂ ವಿರೋಧವಿತ್ತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳ ಮೇಲೆ ಶತಮಾನಗಳ ಕಾಲ ಕೇವಲ ದರ್ಶನದ ವಸ್ತುವಾಗಿದ್ದ ಧವಲಾ ಗ್ರಂಥದ ಮೊದಲ ಸಂಪುಟ 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮುದ್ರಿತವಾಯಿತು. ಆ ಮಹಾಕಾರ್ಯದಲ್ಲಿ ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರೂ ಕೈಜೋಡಿಸಿದರು. ಅಂದು ಅಚ್ಚಿಗೆ ಅಂಜಿ ಕುಳಿತಿದ್ದರೆ ಆ ಗರಿಗಳು ಹುಳುಹಿಡಿದು ಹೋಗುವ ಭಯವಿತ್ತು. ಆದರೆ ಅಚ್ಚು ಹಾಕಿಸಿದವರು ಗೃಹಸ್ಥ ವಿದ್ವಾಂಸರು ಎಂಬುದನ್ನು ಗಮನಿಸಬೇಕು.

ಇಲ್ಲಿಯೇ ನಮ್ಮ ಪರಂಪರೆಯ ಜಾಣ್ಮೆ ಅಡಗಿದೆ. 1893ರಲ್ಲಿ ಶಿಕಾಗೋ ನಗರದ ವಿಶ್ವಧರ್ಮ ಸಮ್ಮೇಲನಕ್ಕೆ ಆಚಾರ್ಯ ವಿಜಯಾನಂದಸೂರಿಗಳಿಗೆ ಆಹ್ವಾನ ಬಂದಾಗ, ಹಡಗನ್ನೇರುವುದು ಮುನಿಧರ್ಮಕ್ಕೆ ಸಲ್ಲದೆಂದು ಅವರು ಹೋಗಲಿಲ್ಲ. ಆದರೆ ಆಹ್ವಾನವನ್ನು ತಳ್ಳಿಬಿಡಲೂ ಇಲ್ಲ. ವೀರಚಂದ ರಾಘವಜೀ ಗಾಂಧಿ ಎಂಬ ತರುಣ ಶ್ರಾವಕನಿಗೆ ಪಾಠ ಹೇಳಿ ಕಳುಹಿಸಿಕೊಟ್ಟರು. ವ್ರತವೂ ಉಳಿಯಿತು, ಧರ್ಮದ ಮಾತೂ ಸಮುದ್ರ ದಾಟಿತು. 1975ರಲ್ಲಿ ಸ್ಥಾನಕವಾಸಿ ಪರಂಪರೆಯ ಮುನಿ ಸುಶೀಲಕುಮಾರರು ಸ್ವತಃ ವಿಮಾನವೇರಿ ವಿದೇಶಕ್ಕೆ ಹೋದಾಗ ಸಮಾಜದಲ್ಲಿ ದೊಡ್ಡ ವಿವಾದವೆದ್ದಿತು. ಆಚಾರ್ಯ ತುಳಸಿಯವರು 1980ರಲ್ಲಿ ಗೃಹಸ್ಥರಿಗೂ ಮುನಿಗಳಿಗೂ ನಡುವೆ 'ಸಮಣ' ಶ್ರೇಣಿಯನ್ನು ಸ್ಥಾಪಿಸಿ, ವಾಹನದಲ್ಲಿ ಸಂಚರಿಸಿ ದೇಶವಿದೇಶಗಳಲ್ಲಿ ಧರ್ಮ ತಿಳಿಸುವ ಕಾರ್ಯವನ್ನು ಅದಕ್ಕೆ ವಹಿಸಿದರು. ನಮ್ಮ ಕರ್ನಾಟಕದಲ್ಲಿ ಭಟ್ಟಾರಕ ಪೀಠಗಳು ಶತಮಾನಗಳಿಂದ ಇಂಥದೇ ಸೇತುವೆಯಾಗಿ ನಿಂತಿವೆ. ಮುನಿಯ ವ್ರತವನ್ನು ಸಡಿಲಿಸದೆ, ಆ ಭಾರವನ್ನು ಬೇರೊಂದು ಹೆಗಲಿಗೆ ಕೊಡುವುದು ಇಲ್ಲೆಲ್ಲ ಕಾಣುವ ದಾರಿ.

ಹಿಂಸೆಯ ವಿಚಾರ ಒತ್ತಟ್ಟಿಗಿರಲಿ. ನಿರಾಕರಣೆಗೆ ಇನ್ನೆರಡು ಕಾರಣಗಳಿವೆ. ಅವು ದಿಗಂಬರ-ಶ್ವೇತಾಂಬರ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತವೆ. ಒಂದು, ಖ್ಯಾತಿ-ಲಾಭ-ಪೂಜೆಗಳ ಬಲೆ. ಪರಿಗ್ರಹವನ್ನೆಲ್ಲ ತ್ಯಜಿಸಿದವರಿಗೂ ಕೀರ್ತಿಯೆಂಬ ಪರಿಗ್ರಹ ಬೆನ್ನುಬಿಡದು. ಪರದೆಯ ಮೇಲೆ ದಿನನಿತ್ಯ ತನ್ನ ಮುಖ ಕಾಣಿಸಿಕೊಳ್ಳುವಾಗ ಮಾನಕಷಾಯವನ್ನು ಗೆಲ್ಲುವುದು ಕೇಶಲೋಚಕ್ಕಿಂತ ಕಠಿಣವಾದ ತಪಸ್ಸು. ಆ ಪರೀಕ್ಷೆಗೆ ನಮ್ಮ ಗುರುಗಳನ್ನು ಒಡ್ಡುವ ಆತುರ ನಮಗೇಕೆ?

ಎರಡನೆಯದು, ಶ್ರೋತೃವಿನ ಪ್ರಶ್ನೆ. ಭಗವಾನ್ ಮಹಾವೀರರಿಗೆ ಕೇವಲಜ್ಞಾನ ಉದಯಿಸಿದ ಮೇಲೂ 66 ದಿನಗಳ ಕಾಲ ದಿವ್ಯಧ್ವನಿ ಹೊರಹೊಮ್ಮಲಿಲ್ಲ ಎಂಬುದು ನಮ್ಮ ಆಮ್ನಾಯ. ಸಮವಸರಣ ಸಿದ್ಧವಾಗಿತ್ತು, ಸಭೆ ನೆರೆದಿತ್ತು. ಗ್ರಹಿಸಬಲ್ಲ ಗಣಧರ ಮಾತ್ರ ಇರಲಿಲ್ಲ. ಇಂದ್ರಭೂತಿ ಗೌತಮನು ಬಂದು ಮಾನಸ್ತಂಭದ ಮುಂದೆ ಮಾನವನ್ನು ಕಳೆದುಕೊಂಡ ಮೇಲೆ, ಶ್ರಾವಣ ಕೃಷ್ಣ ಪ್ರತಿಪದೆಯಂದು ವಿಪುಲಾಚಲದಲ್ಲಿ ವಾಣಿ ಪ್ರವಹಿಸಿತು. ಆ ದಿನವನ್ನೇ ನಾವು ವೀರಶಾಸನ ಜಯಂತಿಯೆಂದು ಆಚರಿಸುತ್ತೇವೆ. ಇದರ ಅರ್ಥವನ್ನು ಕೊಂಚ ಆಲೋಚಿಸಿರಿ. ಸರ್ವಜ್ಞನ ವಾಣಿಯೇ ಯೋಗ್ಯ ಶ್ರೋತೃವಿಗಾಗಿ ಕಾಯಿತು. ಪ್ರಸಾರಯಂತ್ರಕ್ಕಾದರೋ ಕಾಯುವುದು ತಿಳಿಯದು. ಅದು ಕೇಳುವವನ ಪಾತ್ರತೆಯನ್ನು ನೋಡುವುದಿಲ್ಲ. ಚಹದಂಗಡಿಯ ಗದ್ದಲದಲ್ಲಿ, ತಂಬಾಕು ಉಗುಳುವವರ ನಡುವೆ ಜಿನವಾಣಿ ಮೊಳಗಿದರೆ ಪ್ರಚಾರವಾದೀತೇ, ಅವಿನಯವಾದೀತೇ? ಇಂದು ಮೊಬೈಲಿನಲ್ಲಿ ಪ್ರವಚನದ ಅರ್ಧ ವಾಕ್ಯವನ್ನು ಕತ್ತರಿಸಿ, ಹಿಂದುಮುಂದಿಲ್ಲದೆ ಊರೆಲ್ಲ ಹರಡುವುದನ್ನು ಕಾಣುತ್ತಿದ್ದೇವೆ. ಹಿತ, ಮಿತ, ಪ್ರಿಯವಾಗಿ ನುಡಿಯುವುದು ಭಾಷಾಸಮಿತಿ. ಎದುರಿಗೆ ಕುಳಿತ ಶಿಷ್ಯನ ಮುಖ ನೋಡಿ ಮಾತನ್ನು ಅಳೆಯಬಲ್ಲ ಗುರು, ಕಾಣದ ಲಕ್ಷ ಜನಕ್ಕೆ ಹೇಗೆ ಅಳೆದಾರು?

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಹಾಸಿಗೆ ಹಿಡಿದ ವೃದ್ಧೆಯೊಬ್ಬರು, ಜೀವನವಿಡೀ ಚಾತುರ್ಮಾಸದ ಪ್ರವಚನ ತಪ್ಪಿಸದವರು, ಇಂದು ಬಸದಿಯ ಮೆಟ್ಟಿಲೇರಲಾರರು. ಬಸದಿಯೂ ಇಲ್ಲದ, ಒಂದೆರಡೇ ಜೈನ ಮನೆಗಳಿರುವ ಹಳ್ಳಿಯ ರೈತನಿಗೆ ಧರ್ಮಶ್ರವಣದ ಬೇರೆ ದಾರಿಯಿಲ್ಲ. 2020ರಲ್ಲಿ ಸಾಂಕ್ರಾಮಿಕ ರೋಗದ ಕಾಲದಲ್ಲಿ ಬಸದಿಗಳ ಬಾಗಿಲು ಮುಚ್ಚಿದಾಗ ಈ ದುಃಖ ಎಲ್ಲರದೂ ಆಗಿತ್ತು. ಇವರಿಗೆ ಏನು ಉತ್ತರ?

ಉತ್ತರ ಕೊಡಬೇಕಾದವರು ಮುನಿಗಳಲ್ಲ, ನಾವು. ಆ ವೃದ್ಧೆಯ ಮನೆ ಬಸದಿಯಿಂದ ಎರಡು ಓಣಿ ದಾಟಿದರೆ ಇದೆ. ವಾರಕ್ಕೊಮ್ಮೆ ಒಬ್ಬ ಶ್ರಾವಿಕೆ ಹೋಗಿ ಒಂದು ಅಧ್ಯಾಯವನ್ನು ಓದಿ ಹೇಳಿದರೆ ಯಾವ ಯಂತ್ರವೂ ಕೊಡಲಾರದ ಸಮಾಧಾನ ಅವರಿಗೆ ದೊರೆಯುತ್ತದೆ. ಓದಿದವರಿಗೆ ಸ್ವಾಧ್ಯಾಯವೂ ವೈಯಾವೃತ್ಯವೂ ಒಟ್ಟಿಗೆ ಆಗುತ್ತವೆ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ಈ ನಾಡಿನ ಗೃಹಸ್ಥ ವಿದ್ವಾಂಸರಿಗೆ ಒಂದು ವೇದಿಕೆ ದೊರೆತಿದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು 'ಜೈನಧರ್ಮ' ಗ್ರಂಥವನ್ನು ಕನ್ನಡಿಗರ ಕೈಗೆ ಕೊಟ್ಟದ್ದು ಗೃಹಸ್ಥರಾಗಿಯೇ. ವೀರಚಂದ ಗಾಂಧಿ ಹಡಗನ್ನೇರಿದಂತೆ ನಾವು ಆಕಾಶವಾಣಿಯ ಮುಂದೆ, ದೂರದರ್ಶನದ ಮುಂದೆ, ಇಂದಿನ ಮೊಬೈಲಿನ ಮುಂದೆ ನಿಲ್ಲಬಹುದು. ಅಲ್ಲಿಗೆ ಹೋಗಬೇಕಾದವರು ನಾವು ಕಲಿಯದೆ ಕುಳಿತು, ಮುನಿಗಳೇ ಯಂತ್ರದ ಮುಂದೆ ಬರಲಿ ಎಂದು ಬಯಸುವುದು ನಮ್ಮ ಆಲಸ್ಯಕ್ಕೆ ಅವರ ವ್ರತವನ್ನು ಬೆಲೆಯಾಗಿ ತೆರುವಂತೆ ಆಗುತ್ತದೆ.

ಆದುದರಿಂದ ಈ ಬಸದಿಯ ಸಮಿತಿಯ ಮುಂದೆ ಕೆಲವು ವಿನಂತಿಗಳನ್ನು ಇಡುತ್ತೇನೆ. ಯಾವ ಪರಂಪರೆಯ ಸಾಧುಗಳು ಇಲ್ಲಿಗೆ ದಯಮಾಡಿಸಿದರೂ ಅವರ ಆಚಾರವನ್ನು ಮೊದಲು ವಿಚಾರಿಸಿ, ಬೇಡವೆಂದರೆ ಧ್ವನಿವರ್ಧಕವನ್ನು ತೆಗೆದಿರಿಸಿರಿ. ಪೀಠದ ಹಿಂದೆ ಮೊಬೈಲನ್ನು ಮರೆಮಾಡಿ ಇಡುವ ಜಾಣತನ ಬೇಡ. ಸಭೆ ದೊಡ್ಡದಾದರೆ ಇನ್ನೂ ಹತ್ತಿರ ಕುಳಿತುಕೊಳ್ಳೋಣ, ಮೌನವಾಗಿರೋಣ. ಗದ್ದಲವನ್ನು ನಾವು ಬಿಟ್ಟರೆ ಯಂತ್ರದ ಅಗತ್ಯ ಅರ್ಧ ಕಡಿಮೆಯಾಗುತ್ತದೆ. ನಾವು ಬಳಸುವ ಧ್ವನಿವರ್ಧಕದ ಸದ್ದು ಬಸದಿಯ ಗೋಡೆಯನ್ನು ದಾಟದಿರಲಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಅದನ್ನು ನಿಯಂತ್ರಿಸುವ ಸರಕಾರದ ನಿಯಮ 2000ದಿಂದ ಇದೆ. ನಿದ್ರಿಸುವ ರೋಗಿಗೆ, ಓದುವ ವಿದ್ಯಾರ್ಥಿಗೆ ತೊಂದರೆ ಕೊಡಬಾರದೆಂಬ ನಿಯಮವಾದರೋ ಅಹಿಂಸೆಯಲ್ಲಿಯೇ ಇದೆ. ಕೊನೆಯದಾಗಿ, ಶಾಸ್ತ್ರವನ್ನು ಶುದ್ಧವಾಗಿ ಓದಿ ಸರಳ ಕನ್ನಡದಲ್ಲಿ ಹೇಳಬಲ್ಲ ತರುಣ ತರುಣಿಯರ ತಂಡವೊಂದನ್ನು ಇಲ್ಲಿ ಸಿದ್ಧಪಡಿಸಿರಿ.

ಬಂಧುಗಳೇ, ಬಿಂಬಕ್ಕೆ ಪ್ರಾಣಪ್ರತಿಷ್ಠೆ ಮಾಡುವಾಗ ಆಚಾರ್ಯರು ಸೂರಿಮಂತ್ರವನ್ನು ಮೆಲ್ಲನೆ ನುಡಿಯುತ್ತಾರೆ. ಅದು ಯಾರಿಗೂ ಕೇಳಿಸುವುದಿಲ್ಲ. ಆದರೂ ಶಿಲೆ ಜಿನಬಿಂಬವಾಗುತ್ತದೆ. ಧರ್ಮದ ಬಲ ಸದ್ದಿನ ಪ್ರಮಾಣದಲ್ಲಿಲ್ಲ ಎಂಬುದಕ್ಕೆ ಈ ಮಹೋತ್ಸವಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 

ಜಿನಶಾಸನಕ್ಕೆ ಜಯವಾಗಲಿ. ಜಯ ಜಿನೇಂದ್ರ.