ಬಣ್ಣ ಕೆಡಿಸದ ಬೆಳಕು



ಶಾಲೆಯ ಆಟದ ಬಯಲಿಗೆ ದೀಪ ಹಾಕಿಸಬೇಕೆಂದು ಹಿರಿಯರಲ್ಲಿ ಮಾತು ನಡೆದಿರುವುದರಿಂದ, ದೀಪಗಳ ವಿಚಾರವನ್ನೇ ಇಂದು ನಾವು ಎತ್ತಿಕೊಂಡಿದ್ದೇವೆ.

ಧರ್ಮಾವರಕ್ಕೆ ರೇಷ್ಮೆ ಸೀರೆ ಕೊಳ್ಳಹೋದ ನಮ್ಮ ಸೆಟ್ಟೂರು ಸೀಮೆಯ ಗೃಹಿಣಿಯು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೀರೆಯನ್ನು ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿದ ಮೇಲೆಯೇ ಹಣ ಎಣಿಸುವಳು. ಆಕೆ ಮಾಡುವುದು ಸರಿಯಾದ ಪರೀಕ್ಷೆ. ಬೆಳಕು ಎಷ್ಟಿದೆಯೆಂಬುದು ಒಂದು ಪ್ರಶ್ನೆಯಾದರೆ, ಅದು ಬಣ್ಣವನ್ನು ಇದ್ದಂತೆ ತೋರಿಸುವುದೇ ಎಂಬುದು ಇನ್ನೊಂದು.

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದುವು. ಅನಂತರ ಬಂದ ದೀಪಗಳಲ್ಲಿ ಒಂದಕ್ಕೆ ಒಂದು ಗುಣವಿದ್ದರೆ ಮತ್ತೊಂದು ಇರುತ್ತಿರಲಿಲ್ಲ. ತಂತಿಯ ಬಲ್ಬು ಬಣ್ಣಗಳನ್ನು ಚೆನ್ನಾಗಿ ತೋರಿಸುವುದು. ಆದರೆ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆದು, ವಾಟಿಗೆ 15 ಲ್ಯೂಮೆನ್ ಕೊಟ್ಟರೆ ಹೆಚ್ಚು. ಪಾದರಸದ ದೀಪ 50ರಷ್ಟು ಕೊಟ್ಟಿತು. ಅದರಡಿ ನಿಂತವನ ಮುಖ ಮಾತ್ರ ಕಾಯಿಲೆಯವನ ಮುಖದಂತೆ ಕಾಣುವುದು. ಸೋಡಿಯಂ ದೀಪ ನೂರನ್ನೂ ದಾಟಿತು. ಅದರ ಹಳದಿಯಲ್ಲಿ ಕೆಂಪು ಕಂದಾಯಿತು, ನೀಲಿ ಕಪ್ಪಾಯಿತು.

ಮೆಟಲ್ ಹ್ಯಾಲೈಡ್ ದೀಪ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಪಾದರಸದ ಕೊಳವೆಯೊಳಗೆ ಬೇರೆ ಲೋಹಗಳನ್ನೂ ಸೇರಿಸಿದರೆ, ಒಂದೊಂದು ಲೋಹವೂ ತನ್ನ ಬಣ್ಣವನ್ನು ಕೊಟ್ಟು ಎಲ್ಲವೂ ಕೂಡಿ ಬಿಳಿಯಾಗಬಹುದಲ್ಲವೇ? ಬರಿಯ ಲೋಹವನ್ನು ಹಾಕಿದರೆ ಕೆಲವು ಸಾಕಷ್ಟು ಆವಿಯಾಗವು, ಕೆಲವು ಕೊಳವೆಯನ್ನೇ ತಿನ್ನುವುವು. ಅದಕ್ಕಾಗಿ ಅಯೋಡೈಡಿನ ರೂಪದಲ್ಲಿ ಹಾಕುತ್ತಾರೆ. ಅದು ಸುಲಭವಾಗಿ ಆವಿಯಾಗಿ, ನಡುವಿನ ಉರಿಯಲ್ಲಿ ಒಡೆದು, ಲೋಹ ಬೆಳಗುವುದು. ಗೋಡೆಯ ಬಳಿಗೆ ಬಂದಾಗ ಎರಡೂ ಮತ್ತೆ ಕೂಡಿಕೊಳ್ಳುವುವು. ದೀಪ ಉರಿಯುವಷ್ಟು ಹೊತ್ತೂ ಈ ಅಗಲಿಕೆ, ಈ ಕೂಡಿಕೆ ನಡೆದೇ ಇರುತ್ತದೆ! ಅಮೆರಿಕದಲ್ಲಿ ಸ್ಟೈನ್‌ಮೆಟ್ಜ್ ಎಂಬ ವಿಜ್ಞಾನಿಗೆ 1912ರ ಸುಮಾರಿಗೇ ಹೊಳೆದಿದ್ದ ಈ ಉಪಾಯವನ್ನು, 1960ರ ದಶಕದ ಆರಂಭದಲ್ಲಿ ಗಿಲ್ಬರ್ಟ್ ರೀಲಿಂಗ್ ಎಂಬವರು ಬಳಕೆಗೆ ಬರುವಂತೆ ಮಾಡಿದರು.

ಫಲವೇನೆಂದರೆ, 400 ವಾಟಿನ ಪಾದರಸ ದೀಪ 22,000 ಲ್ಯೂಮೆನ್ನಿನಷ್ಟು ಕೊಡುವಲ್ಲಿ ಇದು 36,000ದಷ್ಟು ಕೊಟ್ಟಿತು. ಅದೂ ಹಗಲನ್ನು ಹೋಲುವ ಬಿಳಿಯ ಬೆಳಕನ್ನು. ರಾತ್ರಿಯ ಕ್ರೀಡಾಂಗಣಗಳಲ್ಲಿ ಚೆಂಡೂ ಆಟಗಾರರ ಅಂಗಿಯ ಬಣ್ಣವೂ ಸ್ಪಷ್ಟವಾಗಿ ಕಂಡುದು ಇದರಿಂದ.

ದೋಷಗಳನ್ನೂ ಮುಚ್ಚಿಡಲಾರೆವು. ಹೊತ್ತಿಸಿದ ಕೂಡಲೇ ಇದು ಪೂರ್ಣವಾಗಿ ಬೆಳಗದು. ಕರೆಂಟು ಒಂದು ಕ್ಷಣ ಹೋಗಿಬಂದರೂ ಕೊಳವೆ ತಣಿಯುವವರೆಗೆ, ಹತ್ತು ನಿಮಿಷದಷ್ಟು ಹೊತ್ತು, ಕತ್ತಲೆಯಲ್ಲಿ ಕೂತಿರಬೇಕು. ನಮ್ಮಂಥ ಊರಿಗೆ ಇದು ಸಣ್ಣ ತೊಂದರೆಯಲ್ಲ. ಹೊರಗಿನ ಗಾಜು ಒಡೆದೂ ಉರಿಯುತ್ತಿರುವ ದೀಪದ ಕೆಳಗೆ ಮಕ್ಕಳು ನಿಲ್ಲಲೇಬಾರದು. ಅದರ ನೇರಳಾತೀತ ಕಿರಣ ಕಣ್ಣಿಗೂ ಚರ್ಮಕ್ಕೂ ಕೇಡು.

ಈಗ ಎಲ್‌ಇಡಿ ದೀಪವು ಪಾದರಸವಿಲ್ಲದೆ, ಒತ್ತಿದೊಡನೆ ಬೆಳಗಿ, ಮಿತವ್ಯಯದಲ್ಲಿಯೂ ಇದನ್ನು ಮೀರಿಸಿದೆ. ಹೊಸದಾಗಿ ಹಾಕಿಸುವುದಾದರೆ ಎಲ್‌ಇಡಿಯೇ ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಎಲ್‌ಇಡಿಗಳೆಲ್ಲವೂ ಬಣ್ಣವನ್ನು ಒಂದೇ ಸಮನಾಗಿ ತೋರಿಸವು. ಕೊಳ್ಳಹೋಗುವ ಹಿರಿಯರು ಒಂದು ಕೆಂಪು, ಒಂದು ನೀಲಿ ಬಟ್ಟೆಯ ತುಂಡನ್ನು ಜೊತೆಗೆ ಒಯ್ದು, ದೀಪ ಹೊತ್ತಿಸಿ ನೋಡಿಯೇ ಹಣ ಕೊಡಲಿ.